‘ರೀವ್’ ಅನ್ನೋ ಇಂಗ್ಲಿಷ್ ಅಡ್ಡಹೆಸರಿಗೆ ಅರ್ಥ ಏನು?

ಬಡಿಗೇರ, ಕೊಪ್ಪಳ:

ಎಲ್ಲರಿಗೂ ನಮಸ್ಕಾರ. ನಾನು ಮರಗೆಲಸದವನು. ಬಾಗಿಲು, ಚೌಕಟ್ಟು, ಕಿಟಕಿ ಮಾಡುತ್ತೇನೆ. ಹೋದ ತಿಂಗಳು ಒಬ್ಬ ಗಿರಾಕಿಯ ಮನೆಯಲ್ಲಿ ಹಳೇ ಕಪಾಟು ರಿಪೇರಿ ಮಾಡುವಾಗ ಅದರೊಳಗೆ ಒಂದು ದಪ್ಪ ನಿಘಂಟು ಸಿಕ್ಕಿತು. ರಟ್ಟು ಕಿತ್ತುಹೋಗಿತ್ತು, ಅಂಚು ಹುಳ ತಿಂದಿತ್ತು. ‘ನಿಮಗೆ ಬೇಕಾದ್ರೆ ಒಯ್ಯಿರಿ’ ಅಂತ ಯಜಮಾನರು ಕೊಟ್ಟೇಬಿಟ್ಟರು. ಹೊಸ ರಟ್ಟು ಹಾಕಿ ಇಟ್ಟುಕೊಂಡಿದ್ದೇನೆ.

ಅದು ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು. ಇವರು ಬಳ್ಳಾರಿಯ ಲಂಡನ್ ಮಿಷನ್‌ನಲ್ಲಿದ್ದ ಪಾದ್ರಿ. ಮೊದಲು 1824ರಲ್ಲಿ ಇಂಗ್ಲಿಷ್–ಕನ್ನಡ, ಆಮೇಲೆ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಮಾಡಿದರು. ಕಿಟ್ಟೆಲ್ ನಿಘಂಟು ಬಂದದ್ದು 1894ರಲ್ಲಿ. ಅದಕ್ಕೂ ಅರವತ್ತು ವರ್ಷ ಮೊದಲೇ ನಮ್ಮ ಬಳ್ಳಾರಿಯಲ್ಲಿದ್ದ ಒಬ್ಬರು ಇಷ್ಟು ದೊಡ್ಡ ಕೆಲಸ ಮಾಡಿದ್ದರು ಅಂದರೆ ನನಗೆ ತುಂಬಾ ಹೆಮ್ಮೆ. ನನ್ನ ಹತ್ತಿರ ಇರೋದು 1858ರಲ್ಲಿ ಸ್ಯಾಂಡರ್ಸನ್ ತಿದ್ದಿದ್ದರ ಮರುಮುದ್ರಣ.

ಈಗ ವಿಷಯಕ್ಕೆ ಬರುತ್ತೇನೆ. ಮಗಳು ಒಂಬತ್ತನೇ ಕ್ಲಾಸು. ಪುಸ್ತಕ ನೋಡಿ ಕೇಳಿದಳು: “ಅಪ್ಪಾ, ನಾವು ಬಡಿಗೇರ, ಪಕ್ಕದ ಮನೆಯವರು ಪತ್ತಾರ, ಎದುರಿನವರು ಗಾಣಿಗೇರ. ರೀವ್ ಅಂದ್ರೆ ಯಾವ ಕೆಲಸ?” ನನಗೆ ಉತ್ತರ ಗೊತ್ತಿಲ್ಲ. ಸ್ಮಿತ್ ಅಂದರೆ ಕಮ್ಮಾರ, ಅಷ್ಟು ಮಾತ್ರ ಗೊತ್ತು. ಬಲ್ಲವರು ಹೇಳಿ.

ಕೌಲ್‌ಬಜಾರ್ ಓದುಗ, ಬಳ್ಳಾರಿ:

ಬಡಿಗೇರ ಅವರೇ, ನಿಮ್ಮ ಮಗಳು ಸರಿಯಾಗೇ ಹಿಡಿದಿದ್ದಾಳೆ. ರೀವ್ ಕೂಡ ಕೆಲಸದ ಹೆಸರೇ. ಹಳೇ ಇಂಗ್ಲಿಷಿನಲ್ಲಿ ‘ಗೆರೇಫ’ ಅಂತ ಬರೆಯುತ್ತಿದ್ದರು, ಬಾಯಲ್ಲಿ ಸುಮಾರು ‘ಯೆರೇವ’. ಅದೇ ಸವೆದು ರೀವ್ ಆಯಿತು. ಅರ್ಥ, ಮೇಲ್ವಿಚಾರಕ. ‘ಶೈರ್’ ಅಂದರೆ ಜಿಲ್ಲೆ. ಜಿಲ್ಲೆಗೊಬ್ಬ ರೀವ್ ಇದ್ದರೆ ಅವನು ಶೈರ್-ರೀವ್. ಇವತ್ತು ಸಿನಿಮಾದಲ್ಲಿ ನೋಡ್ತೀವಲ್ಲ, ‘ಶೆರಿಫ್’, ಅದು ಈ ಮಾತೇ.

ಆದರೆ ಅಡ್ಡಹೆಸರಾಗಿ ಉಳಿದದ್ದು ಜಾಸ್ತಿ ಊರಿನ ರೀವ್‌ನದು. ದೊಡ್ಡ ಜಮೀನ್ದಾರನ ಹೊಲಗಳಲ್ಲಿ ಯಾರು ಯಾವ ದಿನ ದುಡಿಯಬೇಕು, ಸುಗ್ಗಿ ಯಾವಾಗ, ಕಣಜಕ್ಕೆ ಎಷ್ಟು ಹೋಯಿತು, ಬಾಡಿಗೆ ಯಾರದು ಬಾಕಿ, ಎಲ್ಲಾ ಅವನ ತಲೆ ಮೇಲೆ. ಸುಮ್ನೆ ಹೇಳಬೇಕಂದರೆ ನಮ್ಮ ಊರಗೌಡ.

ಗಂಗಾವತಿಯಿಂದ, ಇತಿಹಾಸ ಪಾಠ ಮಾಡುವವಳು:

ಸರ್, ‘ಊರಗೌಡ’ ಅನ್ನೋದನ್ನ ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಗೌಡಿಕೆ, ಶಾನುಭೋಗಿಕೆ ಅಪ್ಪನಿಂದ ಮಗನಿಗೆ ಬರುತ್ತಿತ್ತು, ಜೊತೆಗೆ ಇನಾಮು ಜಮೀನು. ರೀವ್ ಹಾಗಲ್ಲ. ಒಡೆಯನ ಜಮೀನು ಬಿಟ್ಟು ಹೋಗುವ ಹಕ್ಕಿಲ್ಲದ ಒಕ್ಕಲುಗಳ ಪೈಕಿಯೇ ಒಬ್ಬನನ್ನು ಆರಿಸುತ್ತಿದ್ದರು. ಎಷ್ಟೋ ಕಡೆ ಊರವರೇ ಆರಿಸುತ್ತಿದ್ದರು. ಲೆಕ್ಕದ ವರ್ಷ ಸೆಪ್ಟೆಂಬರ್ 29ಕ್ಕೆ, ಮೈಕೇಲ್ ಹಬ್ಬಕ್ಕೆ ಮುಗಿಯುತ್ತಿತ್ತು. ಲೆಕ್ಕ ತಪ್ಪಿದರೆ ಕೈಯಿಂದ ಕಟ್ಟಬೇಕು. ಗೌರವಕ್ಕಿಂತ ಹೊಣೆಯೇ ಜಾಸ್ತಿ.

ಎಷ್ಟೋ ರೀವ್‌ಗಳಿಗೆ ಓದು ಬರಹ ಬರುತ್ತಿರಲಿಲ್ಲ. ಕಡ್ಡಿಯ ಮೇಲೆ ಕಚ್ಚು ಹಾಕಿ ಲೆಕ್ಕ ಇಡುತ್ತಿದ್ದರು. ಕಚ್ಚು ಹಾಕಿದ ಮೇಲೆ ಕಡ್ಡಿಯನ್ನು ಉದ್ದಕ್ಕೆ ಸೀಳಿ, ಕೊಟ್ಟವನಿಗೊಂದು ಹೋಳು, ತೆಗೆದುಕೊಂಡವನಿಗೊಂದು ಹೋಳು. ಎರಡನ್ನೂ ಜೋಡಿಸಿದಾಗ ಕಚ್ಚು ಕೂಡಬೇಕು. ಕೂಡದಿದ್ದರೆ ಯಾರೋ ಕೈ ಆಡಿಸಿದ್ದಾರೆ ಅಂತ. ವರ್ಷದ ಕೊನೆಗೆ ಗುಮಾಸ್ತ ಬಂದು ಅದನ್ನು ತೊಗಲಿನ ಹಾಳೆಗೆ ಇಳಿಸುತ್ತಿದ್ದ.

ಇನ್ನೊಂದು ಮಾತು. ವಿಲಿಯಂ ರೀವ್ ಅವರ ಹಿರಿಯರು ರೀವ್ ಆಗಿದ್ದರು ಅಂತ ಹೆಸರು ನೋಡಿ ಹೇಳೋಕಾಗಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಮೊದಲು ಜಮೀನುಳ್ಳವರು ಅಡ್ಡಹೆಸರು ಹಿಡಿದರು. ಬಡವರಿಗೆ ಅದು ಗಟ್ಟಿಯಾಗುವಾಗ ಸುಮಾರು 1400 ಆಗಿತ್ತು. ಅಲ್ಲಿಯವರೆಗೆ ರೀವ್‌ನ ಮಗ ಬ್ರೆಡ್ ಸುಟ್ಟರೆ ಬೇಕರ್ ಆಗುತ್ತಿದ್ದ. ರೀವ್ಸ್ ಅನ್ನೋ ಹೆಸರಿಗಂತೂ ಎರಡು ದಾರಿ. ಒಂದು, ರೀವ್ ಮನೆಯ ಮಗ ಅಥವಾ ಆಳು. ಇನ್ನೊಂದು, ಕಾಡಿನ ಅಂಚಿನಲ್ಲಿದ್ದವನು. ‘ಅಂಚಿನಲ್ಲಿ’ ಅನ್ನೋದಕ್ಕೆ ಆಗ ‘ಆಟ್ಟರ್ ಈವ್ಸ್’ ಅನ್ನುತ್ತಿದ್ದರು. ಆ ‘ರ’ ಮುಂದಿನ ಮಾತಿಗೆ ಅಂಟಿಕೊಂಡಿತು.

ಬಡಿಗೇರ, ಕೊಪ್ಪಳ:

ಮೇಡಂ, ಕಡ್ಡಿ ಸೀಳುವ ಮಾತು ಓದಿ ಮೈ ಜುಮ್ ಅಂತು. ನಾನು ಈಗಲೂ ಚೌಕಟ್ಟಿನ ಅಳತೆಗೆ ಪಟ್ಟಿಯ ಮೇಲೆ ಉಳಿಯಿಂದ ಕಚ್ಚು ಹಾಕುತ್ತೇನೆ. ಟೇಪು ತಪ್ಪಬಹುದು, ಕಚ್ಚು ತಪ್ಪಲ್ಲ. ನಮ್ಮಜ್ಜ ಊರ ಆಯಗಾರ. ವರ್ಷವಿಡೀ ರೈತರ ನೇಗಿಲು, ಕುಂಟೆ ಮಾಡಿಕೊಟ್ಟು, ಸುಗ್ಗಿಗೆ ಕಣಕ್ಕೆ ಹೋಗಿ ಆಯದ ಜೋಳ ತರುತ್ತಿದ್ದ. ಯಾರು ಎಷ್ಟು ಕೊಟ್ಟರು ಅನ್ನೋದು ಅವನ ಬಾಯಲ್ಲೇ ಇರುತ್ತಿತ್ತು.

ರೀವ್ಸ್‌ನ ಕೊನೆಯ ‘ಸ್’ ಬಗ್ಗೆ ಒಂದು ಹೊಳೆಯಿತು. ನಮ್ಮ ‘ಬಡಿಗೇರ’ದಲ್ಲೂ ಹಾಗೇ ಅಲ್ವಾ? ‘ಯಾರ ಪೈಕಿ?’ ಅಂದರೆ ‘ಬಡಿಗೇರ ಪೈಕಿ’ ಅಂತೀವಿ. ಬಡಿಗ ಒಬ್ಬ. ಬಡಿಗೇರ ಅಂದರೆ ಬಡಿಗರ ಮನೆಯವನು.

ಕೌಲ್‌ಬಜಾರ್ ಓದುಗ, ಬಳ್ಳಾರಿ:

ಮೇಡಂ ಹೇಳಿದ್ದು ಸರಿ, ಗೌಡ ಅಂದದ್ದನ್ನು ವಾಪಸ್ ತಗೊಂಡೆ. ಆದರೆ ಕೆಲಸ ಹೋಗಿ ಹೆಸರು ಉಳಿಯೋದು ಮಾತ್ರ ಎರಡೂ ಕಡೆ ಒಂದೇ. ನಮ್ಮಲ್ಲಿ 1961ರ ಕಾಯ್ದೆಯಿಂದ ಊರಿನ ವಂಶದ ಹುದ್ದೆಗಳು ರದ್ದಾದವು. ಕುಲಕರ್ಣಿ ಅನ್ನೋ ಹೆಸರು ಹೋಯಿತಾ? ಕೆನಡಾದ ಕೆಲವು ಹಳ್ಳಿಗಾಡಿನ ಪಂಚಾಯಿತಿಗಳಲ್ಲಿ ಮುಖ್ಯಸ್ಥನಿಗೆ ಇವತ್ತಿಗೂ ರೀವ್ ಅಂತಲೇ ಕರೆಯುತ್ತಾರೆ.

ಬಡಿಗೇರ ಅವರೇ, ಇದು ನಿಮಗಾಗಿ. ಇಂಗ್ಲಿಷಿನ ಹಳೇ ಕವಿ ಚಾಸರ್ 14ನೇ ಶತಮಾನದ ಕೊನೆಗೆ ಬರೆದ ಯಾತ್ರಿಕರ ಕಥೆಗಳಲ್ಲಿ ಒಬ್ಬ ರೀವ್ ಬರುತ್ತಾನೆ. ನಾರ್ಫೋಕ್ ಕಡೆಯವನು, ಸಣಕಲು, ಬಲು ಹುಷಾರಿ. ಕಣಜದಲ್ಲಿ ಒಂದು ಕಾಳು ಕಡಿಮೆಯಾದರೂ ಕಂಡುಹಿಡಿಯುತ್ತಾನೆ. ಅವನು ಚಿಕ್ಕಂದಿನಲ್ಲಿ ಕಲಿತ ಕಸುಬು ಯಾವುದು ಗೊತ್ತಾ? ಬಡಿಗತನ. ಜೊತೆಗಿದ್ದ ಹಿಟ್ಟಿನ ಗಿರಣಿಯವನು ಒಬ್ಬ ಬಡಿಗನನ್ನು ಆಡಿಕೊಂಡು ಕಥೆ ಹೇಳಿದಾಗ ಎಲ್ಲರೂ ನಗುತ್ತಾರೆ. ಸಿಟ್ಟಾಗುವವನು ಈ ರೀವ್ ಒಬ್ಬನೇ.

ಬಡಿಗೇರ, ಕೊಪ್ಪಳ:

ಸರ್, ಇದನ್ನು ಮಗಳಿಗೆ ಎರಡು ಸಲ ಓದಿ ಹೇಳಿದೆ. ನಿಘಂಟಿನ ಮೊದಲ ಹಾಳೆಯಲ್ಲಿ, ರೀವ್ ಹೆಸರಿನ ಕೆಳಗೆ, ಪೆನ್ಸಿಲ್‌ನಿಂದ ಬರೆದಿದ್ದಾಳೆ: ‘ಊರ ಸುಗ್ಗಿ, ಲೆಕ್ಕ ನೋಡುವವ. ಒಬ್ಬ ರೀವ್ ಬಡಿಗನೂ ಹೌದು.’ ಸೋಮವಾರ ಪುಸ್ತಕ ಶಾಲೆಗೆ ಒಯ್ಯುತ್ತಾಳಂತೆ. ಭಾರ ಜಾಸ್ತಿ, ನಾನೇ ಸೈಕಲ್ ಮೇಲೆ ಬಿಟ್ಟು ಬರುತ್ತೇನೆ.