ತೂಕದ ಪ್ರೊಫೆಸರ್

ಭಾನುವಾರ ಬೆಳಿಗ್ಗೆ ಜಯನಗರದ ಒಂದು ದರ್ಶಿನಿ. ಎರಡು ಬೈಟು ಕಾಫಿ ಹಿಡಿದು ನಾವು ನಾಲ್ವರು ನಿಂತಿದ್ದೆವು. ಮಂಜುಳಾಳ ಸೊಂಟದ ಮೇಲೆ ಅವಳ ಎರಡು ವರ್ಷದ ಮಗ, ಸತೀಶನ ಬಗಲಲ್ಲಿ ಅವನ ಬಡ್ತಿ ಅರ್ಜಿಯ ಫೈಲು. ಎರಡನ್ನೂ ಇಬ್ಬರೂ ಕೆಳಗಿಳಿಸುವುದಿಲ್ಲ.

ಸತೀಶ ಕಾಲೇಜಿನಲ್ಲಿ ಎಕನಾಮಿಕ್ಸ್ ಮೇಷ್ಟ್ರು. "ಹದಿನೆಂಟು ವರ್ಷ ಆಯ್ತು, ನಾನು ಇದ್ದಲ್ಲೇ ಇದ್ದೀನಿ. ಎಕನಾಮಿಕ್ಸ್‌ನಲ್ಲಿ ನೊಬೆಲ್ ಪಡೆದ ಅಮರ್ತ್ಯ ಸೇನ್ ನೋಡಿ. 1956ರಲ್ಲಿ ಕಲ್ಕತ್ತೆಯ ಜಾದವ್‌ಪುರ ಯೂನಿವರ್ಸಿಟಿಯಲ್ಲಿ ವಿಭಾಗಕ್ಕೇ ಮುಖ್ಯಸ್ಥ. ಆಗಿನ್ನೂ 23 ತುಂಬಿರಲಿಲ್ಲ!"

"ನಾನು 23ರಲ್ಲಿ ಬಸ್ ಪಾಸಿಗೆ ಫೋಟೊ ಅಂಟಿಸ್ತಾ ಇದ್ದೆ" ಎಂದ ರಮೇಶ.

"ಜನ ಸುಮ್ನೆ ಬಿಟ್ರಾ?" ಮಂಜುಳಾ ಕೇಳಿದಳು.

"ಎಲ್ಲಿ ಬಿಡ್ತಾರೆ? ತೊಟ್ಟಿಲಿಂದ ಆಗಷ್ಟೇ ಎತ್ತಿಕೊಂಡು ಬಂದ ಹಾಗೆ ಅವರ ಚಿತ್ರ ಬರೆದಿದ್ದರಂತೆ, ಯೂನಿವರ್ಸಿಟಿ ಗೋಡೆ ಮೇಲೆ."

ಅಸಲಿಗೆ ಅವರು ಅಲ್ಲಿಗೆ ಬಂದದ್ದೇ ಕಾಲ ಕಳೆಯೋಕೆ. ಕೇಂಬ್ರಿಡ್ಜಿನಲ್ಲಿ ಪಿಎಚ್‌ಡಿ ಕೆಲಸ ಒಂದೇ ವರ್ಷಕ್ಕೆ ಹೆಚ್ಚುಕಡಿಮೆ ಮುಗಿದಿತ್ತು. ಆದರೆ ಮೂರು ವರ್ಷ ಆಗದೆ ಥೀಸಿಸ್ ಕೊಡೋ ಹಾಗಿಲ್ಲ ಅಂತ ನಿಯಮ. ಉಳಿದ ಎರಡು ವರ್ಷಕ್ಕೆ ಊರ ಕಡೆ ಬಂದರು.

"ಅನ್ನ ಬೆಂದಿದ್ರೂ ಮೂರು ವಿಷಲ್ ಆಗಲೇಬೇಕು ಅನ್ನೋರು ನಮ್ಮತ್ತೆ ಒಬ್ಬರೇ ಅಂದ್ಕೊಂಡಿದ್ದೆ" ಎಂದಳು ಮಂಜುಳಾ.

ಆಮೇಲಿನದು ಬರೀ ಊರುಗಳ ಪಟ್ಟಿ. 1963ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, 1971ರಲ್ಲಿ ಲಂಡನ್, 1977ರಲ್ಲಿ ಆಕ್ಸ್‌ಫರ್ಡ್, ಮುಂದೆ ಹಾರ್ವರ್ಡ್. ರಮೇಶನಿಗೆ ಮನೆ ಸಾಮಾನು ಸಾಗಿಸುವ ಖರ್ಚಿನದೇ ಚಿಂತೆ.

ನಾನೂ ನನ್ನ ಪಾಲಿನದು ಸೇರಿಸಿದೆ. ಆ ದೆಹಲಿ ಸ್ಕೂಲ್ ಕಟ್ಟಿದ್ದು ವಿ.ಕೆ.ಆರ್.ವಿ. ರಾವ್. ಆಮೇಲೆ ನಮ್ಮ ಬಳ್ಳಾರಿಯಿಂದ ಎಂಪಿ ಆದವರು. 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ ಎಂಬ ಸಾಮಾಜಿಕ-ಆರ್ಥಿಕ ಸಂಶೋಧನಾ ಸಂಸ್ಥೆ ಕಟ್ಟಿದವರೂ ಅವರೇ.

"ಇನಿಷಿಯಲ್ಲೇ ನಾಲ್ಕು. ಬಡ್ತಿ ಫಾರಂನಲ್ಲಿ ಹೆಸರು ಬರೆಯೋಕೇ ಜಾಗ ಸಾಲ್ತಿರಲಿಲ್ಲ" ಎಂದ ಸತೀಶ. ಅವನಿಗೆ ಜಗತ್ತೆಲ್ಲ ಫಾರಂ.

ನನಗೆ ಸೇನರ ಕತೆಯಲ್ಲಿ ಇಷ್ಟವಾಗುವುದು ಬೇರೆಯದು. 1980ರ ದಶಕದಲ್ಲಿ, ಆಕ್ಸ್‌ಫರ್ಡಿನಲ್ಲಿ ದೊಡ್ಡ ಕುರ್ಚಿ ಇದ್ದಾಗಲೇ, ಶಾಂತಿನಿಕೇತನದ ಹತ್ತಿರದ ಹಳ್ಳಿಗಳಲ್ಲಿ ಐದು ವರ್ಷದೊಳಗಿನ ಮಕ್ಕಳನ್ನು ತೂಗುತ್ತಿದ್ದರು. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಪೋಷಣೆಯಲ್ಲಿ ಎಷ್ಟು ವ್ಯತ್ಯಾಸ ಅಂತ ನೋಡಬೇಕಿತ್ತು. ಮಕ್ಕಳು ತಕ್ಕಡಿ ಹತ್ತಲು ಒಪ್ಪುತ್ತವೆಯೇ? ಒಂದು ಹೆಣ್ಣುಮಗು ಹತ್ತಿರ ಬಂದ ಕೈಯನ್ನೆಲ್ಲ ಕಚ್ಚುತ್ತಿತ್ತು. ಸಹಾಯಕಿ ಫೋನ್ ಮಾಡಿ, ಇದೊಂದನ್ನು ನೀವೇ ತೂಗಿ ಸಾರ್ ಅಂದಳಂತೆ. ತೂಗಿದರು. ಆ ಬಗ್ಗೆ ತಮಗೆ ತುಸು ಜಂಬ ಬಂದದ್ದನ್ನೂ ಮುಂದೆ ಬರೆದುಕೊಂಡರು. ಮಾಹಿತಿ ಕೂಡಿಸಲು ತುಳಿದ ಸೈಕಲ್ಲು ಈಗ ಸ್ವೀಡನ್ನಿನ ನೊಬೆಲ್ ಮ್ಯೂಸಿಯಂ ಸೇರಿದೆ.

"ಅದೇನು ಮಹಾ ಕೆಲಸ?" ಸತೀಶ ಎರಡೂ ಕೈ ಚಾಚಿದ. "ಕೊಡು ಇಲ್ಲಿ ಪುಟ್ಟನ್ನ. ತೂಕ ನಾನೇ ಹೇಳ್ತೀನಿ."

ಪುಟ್ಟ ಸತೀಶನ ಕೈ ಕಚ್ಚಲಿಲ್ಲ. ಬಗಲಿನ ಫೈಲಿನ ಮೂಲೆಗೆ ಬಾಯಿ ಹಾಕಿದ. ಬಿಡಿಸಿ ನೋಡಿದರೆ ಮೊದಲ ಪುಟದಲ್ಲೇ ನಾಲ್ಕು ಹಲ್ಲಿನ ಗುರುತು.

"ಅದನ್ನೂ ಲಗತ್ತಿಸು" ಎಂದಳು ಮಂಜುಳಾ.