ಪಿಟೀಲಿಗೆ ಸಿಂಥೆಟಿಕ್ ತಂತಿ: ರಿಪೇರಿ ಮೇಷ್ಟ್ರನ್ನು ಕೇಳಿ

ರಿಪೇರಿ ಮೇಷ್ಟ್ರು: ಇವತ್ತು ತಂತಿ ಬಗ್ಗೆ ಮಾತ್ರ. ಯಾವ ಶ್ರುತಿಗೆ ನುಡಿಸುತ್ತೀರಿ ಅಂತ ಮೊದಲು ಬರೆಯಿರಿ. ಅದು ಗೊತ್ತಿಲ್ಲದೆ ತಂತಿ ಹೇಳೋಕಾಗಲ್ಲ.

ತುಮಕೂರಿನ ಅಮ್ಮ: ನಮಸ್ಕಾರ ಸರ್. ಮಗಳದ್ದು ಐದು ಮನೆ ಶ್ರುತಿ. ಸ್ಟೀಲ್ ತಂತಿ ಕೀರಲು ಅನ್ನಿಸುತ್ತೆ. ಡಾಮಿನೆಂಟ್ ಅನ್ನೋ ಸಿಂಥೆಟಿಕ್ ತಂತಿ ಹಾಕಿಸಬಹುದಾ?

ಮೇಷ್ಟ್ರು: ಹಾಕಿಸಿಯಮ್ಮ. ಐದು ಮನೆ ಅಂದ್ರೆ ಪಾಶ್ಚಾತ್ಯರ ಲೆಕ್ಕದಲ್ಲಿ ಜಿ ಸ್ವರ. ಕೆಳಗಿನ ಎರಡು ತಂತಿ ಕಂಪನಿಯವರು ಲೆಕ್ಕ ಹಾಕಿದ ಜಿ, ಡಿ ಜಾಗದಲ್ಲೇ ಕೂರುತ್ತವೆ. ಮೇಲಿನ ಎರಡು, ಎ ಮತ್ತು ಇ, ಮಾತ್ರ ಒಂದೊಂದು ಸ್ವರ ಇಳಿಯುತ್ತವೆ. ಡಾಮಿನೆಂಟ್ ವಿಯೆನ್ನಾದ್ದು, 1970ರಿಂದ ಇದೆ. ಒಳಗೆ ನೈಲಾನ್ ಜಾತಿಯ ಎಳೆ, ಹೊರಗೆ ಲೋಹದ ಸುತ್ತು. ಮೊದಲ ತಂತಿ, ಅಂದ್ರೆ ಎಲ್ಲಕ್ಕಿಂತ ಸಣ್ಣದು, ಮಾತ್ರ ಸ್ಟೀಲೇ ಬರುತ್ತೆ, ಅಂಗಡಿಯವನ ಮೇಲೆ ಜಗಳಕ್ಕೆ ಹೋಗಬೇಡಿ. ಹೊಸದರಲ್ಲಿ ಮೂರು ನಾಲ್ಕು ದಿನ ಶ್ರುತಿ ಇಳಿಯುತ್ತಲೇ ಇರುತ್ತದೆ. ಕಛೇರಿಯ ಹಿಂದಿನ ರಾತ್ರಿ ಬದಲಿಸಬೇಡಿ.

ಹಾಸನದ ವಿದ್ಯಾರ್ಥಿ: ಸರ್, ಒಳ್ಳೆ ಸಿಂಥೆಟಿಕ್ ತಂತಿ ಯಾವುದು?

ಮೇಷ್ಟ್ರು: ಶ್ರುತಿ?

ಫಾರ್ವರ್ಡ್ ರಾಯರು: ಒಂದು ಮೆಸೇಜ್ ಬಂದಿದೆ. ಹಳೆ ತಂತಿಯನ್ನು ಕುದಿಯೋ ನೀರಲ್ಲಿ ಹಾಕಿ ತೆಗೆದು, ಸ್ಯಾನಿಟೈಸರ್‌ನಲ್ಲಿ ಒರೆಸಿದರೆ ಹೊಸದರ ಹಾಗಾಗುತ್ತಂತೆ. ಎಲ್ಲರಿಗೂ ಉಪಯೋಗ ಆಗಲಿ.

ಮೇಷ್ಟ್ರು: ಕುದಿಸೋಕೆ ಅದೇನು ಶಾವಿಗೆನಾ ರಾಯರೇ? ಸ್ಯಾನಿಟೈಸರ್ ಒಂದು ಹನಿ ವಾರ್ನಿಷ್ ಮೇಲೆ ಬಿದ್ದರೆ ಕಲೆ ಉಳಿದೇ ಹೋಗುತ್ತೆ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಸಾಕು.

ಪಕ್ಕವಾದ್ಯದವ: ಗಂಡಸರ ಹಾಡಿಕೆಗೆ ನುಡಿಸುತ್ತೇನೆ, ಒಂದು ಮನೆ ಶ್ರುತಿ. ಸಿಂಥೆಟಿಕ್ ಹಾಕಿದೆ. ತಂತಿ ಜೋತುಬಿದ್ದ ಹಾಗಿದೆ, ಗಮಕದಲ್ಲಿ ಸ್ವರ ನಿಲ್ಲಲ್ಲ.

ಮೇಷ್ಟ್ರು: ನಿಲ್ಲೋದಾದ್ರೂ ಹೇಗೆ? 440 ಹರ್ಟ್ಸ್ ಕಂಪನಕ್ಕೆ ಮಾಡಿದ ಎ ತಂತಿಯನ್ನು 262 ಹರ್ಟ್ಸ್‌ಗೆ ಇಳಿಸಿದ್ದೀರಿ. ಬಿಗಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲಿಗೆ ಬಂತು. ಎಲ್ಲವನ್ನೂ ಒಂದೊಂದು ಜಾಗ ಸರಿಸಿ: ಮೊದಲನೆಯ ಜಾಗಕ್ಕೆ ಎ, ಎರಡಕ್ಕೆ ಡಿ, ಮೂರಕ್ಕೆ ಜಿ. ನಾಲ್ಕಕ್ಕೆ ವಯೋಲಾ ಅನ್ನೋ ದೊಡ್ಡ ಪಿಟೀಲಿನ ಸಿ. ಬಿರಡೆ ಕಡೆ ತಂತಿ ಕೂರುವ ಪಟ್ಟಿ ಇದೆಯಲ್ಲ, ನಟ್, ಅದರ ಗೀರು ಅಗಲ ಮಾಡಿಸಬೇಕಾಗುತ್ತೆ.

ಸಂಪ್ರದಾಯಸ್ಥ: ಪಿಟೀಲಿಗೆ ವಯೋಲಾ ತಂತಿನಾ? ನಮ್ಮ ಗುರುಗಳು ಐವತ್ತು ವರ್ಷ ಸ್ಟೀಲಲ್ಲೇ ನುಡಿಸಿದ್ರು.

ಪಕ್ಕವಾದ್ಯದವ: ಚೌಡಯ್ಯನವರು ಏಳು ತಂತಿ ಕಟ್ಟಿದ್ರಲ್ಲ, ಅದು ಯಾವ ಸಂಪ್ರದಾಯ?

ಸಂಪ್ರದಾಯಸ್ಥ: ಆಗ ಮೈಕ್ ಇರಲಿಲ್ಲ, ನಾದ ದೊಡ್ಡದು ಬೇಕಿತ್ತು. ಅವರ ಹೆಸರು ಹೇಳೋಕೆ ಮುಂಚೆ ಕೈ ತೊಳ್ಕೊಳ್ಳಿ.

ಪಕ್ಕವಾದ್ಯದವ: ತೊಳ್ಕೊಂಡಿದ್ದೀನಿ. ನಿಮ್ಮ ಹಾಗೆ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ತಂತಿಗೆಲ್ಲಾ ಬಳಿಯಲ್ಲ.

ಉಡುಪಿಯ ಸದಸ್ಯೆ: ಮಳೆಗಾಲದಲ್ಲಿ ಬಿರಡೆ ತಿರುಗೋದೇ ಇಲ್ಲ ಸರ್. ಸಾಬೂನು ಹಚ್ಚಲಾ?

ಶಿವಮೊಗ್ಗದ ತಂದೆ: ಸರ್, ನಮ್ಮ ತಾತನ ಪಿಟೀಲು. ಮಗನಿಗೆ ಅಂತ ಆನ್‌ಲೈನ್‌ನಲ್ಲಿ ಸಿಂಥೆಟಿಕ್ ಸೆಟ್ ತರಿಸಿ, ಹಳೆಯ ನಾಲ್ಕೂ ಬಿಚ್ಚಿ ಹೊಸದು ಹಾಕಿದೆ. ಬಿಚ್ಚಿದಾಗ ಒಳಗೆ ಏನೋ ಉರುಳಿದ ಸದ್ದು ಬಂತು. ಈಗ ನಾದವೇ ಇಲ್ಲ, ಡಬ್ಬ ಬಡಿದ ಹಾಗಿದೆ. ತಂತಿ ಡೂಪ್ಲಿಕೇಟಾ?

ಮೇಷ್ಟ್ರು: ತಂತಿ ವಿಷಯ ಬಿಡಿ. ಎದ್ದು ಹೋಗಿ ನಾಲ್ಕನ್ನೂ ಸಡಿಲಿಸಿ, ಆಮೇಲೆ ಬಂದು ಉಳಿದದ್ದು ಓದಿ.

ಉರುಳಿದ್ದು ಸೌಂಡ್ ಪೋಸ್ಟ್. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಗೆ ಎರಡು ಕಾಲಿವೆಯಲ್ಲ, ಮೊದಲ ತಂತಿಯ ಕಡೆಯ ಕಾಲಿನ ಸ್ವಲ್ಪ ಹಿಂದೆ, ಮೇಲ್ಹಲಗೆಗೂ ತಳಕ್ಕೂ ನಡುವೆ ನಿಂತಿರುವ ಕಡ್ಡಿ ಅದು. ಅಂಟು ಹಾಕಿರುವುದಿಲ್ಲ, ತಂತಿಯ ಒತ್ತಡದಲ್ಲೇ ನಿಂತಿರುತ್ತದೆ. ನೀವು ನಾಲ್ಕೂ ಒಟ್ಟಿಗೆ ಬಿಚ್ಚಿದಿರಿ, ಬಿತ್ತು. ನಾಲ್ಕರ ಎಳೆತ ಸೇರಿದರೆ 20 ಕೆಜಿ ದಾಟುತ್ತದೆ. ಅದರಲ್ಲಿ ಒಂದಷ್ಟು ಭಾರ ಕುದುರೆ ಕಾಲಿನಿಂದ ಮೇಲ್ಹಲಗೆ ಮೇಲೆ ಬೀಳುತ್ತೆ. ಆ ಹಲಗೆ ಸುಮಾರು ಮೂರು ಮಿಲಿಮೀಟರ್ ದಪ್ಪ, ಈಗ ಕೆಳಗೆ ಆಸರೆ ಇಲ್ಲ. ಟಾರ್ಚನ್ನು ಓರೆಯಾಗಿ ಹಿಡಿದು ಆ ಕಾಲಿನ ಸುತ್ತ ನೋಡಿ. ತಗ್ಗು ಇದೆಯಾ? ಗೆರೆ ಇದೆಯಾ? ಎಷ್ಟು ದಿನ ಹೀಗೆ ಬಿಗಿದಿಟ್ಟಿದ್ದಿರಿ? ವಿಡಿಯೋ ನೋಡಿಕೊಂಡು ಕಡ್ಡಿಯನ್ನು ನೀವೇ ನಿಲ್ಲಿಸೋಕೆ ಹೋಗಬೇಡಿ. ಇನ್ಮೇಲೆ ಒಂದು ಬಿಚ್ಚಿ, ಅದರ ಜಾಗಕ್ಕೆ ಹೊಸದು ಹಾಕಿ, ಬಿಗಿದು, ಆಮೇಲೆ ಇನ್ನೊಂದು.

ಫಾರ್ವರ್ಡ್ ರಾಯರು: ಬಿರುಕಿಗೆ ಫೆವಿಕ್ವಿಕ್ ಒಂದು ತೊಟ್ಟು ಬಿಟ್ಟರೆ ಸರಿಹೋಗುತ್ತೆ ಅಂತ ಇನ್ನೊಂದು ಗ್ರೂಪಲ್ಲಿ...

ಮೇಷ್ಟ್ರು: ರಾಯರೇ, ದಯವಿಟ್ಟು ಆ ಗ್ರೂಪಲ್ಲೇ ಇರಿ.

ಹಾಸನದ ವಿದ್ಯಾರ್ಥಿ: ಸರ್, ಶ್ರುತಿ ಗೊತ್ತಿಲ್ಲ. ಒಳ್ಳೆ ತಂತಿ ಒಂದು ಹೇಳಿಬಿಡಿ.

ಮೇಷ್ಟ್ರು: ನಿಮ್ಮ ಗುರುಗಳನ್ನು ಕೇಳಿ.

ಸಂಪ್ರದಾಯಸ್ಥ: ಎಣ್ಣೆ ಬಗ್ಗೆ ಮಾತಾಡಿದವರು ಎಲ್ಲಿ? ಉತ್ತರ ಕೊಡಲಿ.

ಶಿವಮೊಗ್ಗದ ತಂದೆ: ಸಡಿಲಿಸಿದೆ ಸರ್. ಒಂಬತ್ತು ದಿನ ಬಿಗಿದೇ ಇತ್ತು. ಆ ಕಾಲಿನ ಪಕ್ಕ ಕೂದಲಿನಷ್ಟು ಸಣ್ಣ ಗೆರೆ ಇದೆ, ಬೆರಳಿನಷ್ಟು ಉದ್ದ.

ಮೇಷ್ಟ್ರು: ಒತ್ತಿ ನೋಡಬೇಡಿ, ಒರೆಸಬೇಡಿ, ಯಾವ ಅಂಟೂ ಬೇಡ. ಆ ಕಡ್ಡಿ ಒಳಗೇ ಇರಲಿ. ನಾಳೆ ಬೆಳಿಗ್ಗೆ ಫೋಟೋ ಕಳಿಸಿ, ಬಿಸಿಲಲ್ಲಿ ತೆಗೆದದ್ದು.