ಹೂಳೆತ್ತಿದ ಮೇಲೂ ನಮ್ಮೂರ ಕೆರೆಯಲ್ಲಿ ನೀರು ನಿಲ್ಲುತ್ತಿಲ್ಲ, ಕಾರಣವೇನಿರಬಹುದು?

ಏರಿಹುಣಸೆ (ಪ್ರಶ್ನೆ):

ನಮ್ಮದು ಕೋಲಾರ ಜಿಲ್ಲೆಯಲ್ಲಿ ಮುಳಬಾಗಿಲಿನ ಕಡೆಯ ಒಂದು ಸಣ್ಣ ಊರು. ಊರಿನ ಮೂಡಲಿಗೆ ಸುಮಾರು 40 ಎಕರೆಯ ಕೆರೆಯಿದೆ. ಏರಿಯ ಮೇಲೆ ಹೊಂಗೆ ಮತ್ತು ಹುಣಸೆ ಮರಗಳು, ಒಂದು ತುದಿಯಲ್ಲಿ ಗಂಗಮ್ಮನ ಗುಡಿ, ಇನ್ನೊಂದು ತುದಿಯಲ್ಲಿ ತುಂಬಿ ಹೆಚ್ಚಾದ ನೀರು ಹೊರಹೋಗುವ ಕಲ್ಲುಕಟ್ಟಡದ ಕೋಡಿ ಇವೆ. ಏರಿಯ ಕೆಳಗೆ ನನ್ನ ಬಾಲ್ಯದಲ್ಲಿ ಗದ್ದೆಬಯಲಾಗಿದ್ದ ಅಚ್ಚುಕಟ್ಟಿನಲ್ಲಿ ಈಗ ಟೊಮೆಟೊ ಮತ್ತು ಹಿಪ್ಪುನೇರಳೆ ಬೆಳೆಯುತ್ತಾರೆ. ಕೆರೆಯ ಮೇಲ್ಭಾಗದಲ್ಲಿ ಬಂಡೆಗುಡ್ಡ, ಅದರ ಬುಡದಲ್ಲಿ ಗೋಮಾಳ, ಗೋಮಾಳದ ಪಕ್ಕದಲ್ಲಿ ನೀಲಗಿರಿ ತೋಪುಗಳಿವೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಹಲವು ಕೆರೆಗಳಿಗೆ ಹರಿದು ಬರುತ್ತಿದ್ದರೂ ನಮ್ಮ ಕೆರೆ ಆ ಪಟ್ಟಿಯಲ್ಲಿಲ್ಲವಾದ್ದರಿಂದ ನಮಗೆ ಮಳೆಯೇ ಗತಿ.

2021ರ ನವೆಂಬರ್ ಮಳೆಗೆ ಕೆರೆ ಕೋಡಿ ಹರಿದಾಗ ಊರಿಗೆ ಊರೇ ಏರಿಯ ಮೇಲೆ ಸೇರಿತ್ತು. ಅದಾದ ಮೇಲೆ ಒಂದು ಬೇಸಿಗೆಯಲ್ಲಿ ಜೆಸಿಬಿ ತರಿಸಿ ಹೂಳೆತ್ತಲಾಯಿತು. ಕೆರೆಯಂಗಳದ ನಡುವಿನ ಸುಮಾರು 15 ಎಕರೆಯನ್ನು ಎರಡು ಅಡಿಯಷ್ಟು ತೋಡಿದರು. ಕಾಲುವೆಗೆ ನೀರು ಬಿಡುವ ತೂಬಿನ ಹತ್ತಿರ ಅದಕ್ಕಿಂತ ಹೆಚ್ಚೇ ಆಳವಾಯಿತು. ಒಳ್ಳೆಯ ಗೋಡುಮಣ್ಣನ್ನು ಕೆಲವರು ಹೊಲಗಳಿಗೆ ಹೊಡೆದುಕೊಂಡರು, ಬಹುಪಾಲು ಇಟ್ಟಿಗೆ ಗೂಡಿಗೆ ಹೋಯಿತು, ಮಿಕ್ಕಿದ್ದನ್ನು ಕೆರೆಯ ಮಧ್ಯದಲ್ಲೇ ಗುಡ್ಡೆ ಹಾಕಿ ‘ಹಕ್ಕಿಗಳಿಗೆ ನಡುಗಡ್ಡೆ’ ಎಂದರು. ನೋಡಲು ಚೆನ್ನಾಗಿಯೇ ಇತ್ತು.

ಕಳೆದ ವರ್ಷದ ಮಳೆ ತೀರ ಕಡಿಮೆಯೇನಲ್ಲ. ಮೇಲಿನ ಊರಿನ ಕೆರೆ ತುಂಬಿತು. ನಮ್ಮದರಲ್ಲಿ ತೋಡಿದ ಗುಂಡಿಯಷ್ಟೇ ತುಂಬಿ, ನೀರು ತೂಬಿನ ಮಟ್ಟವನ್ನು ಮುಟ್ಟಲೇ ಇಲ್ಲ. ಹೂಳು ತುಂಬಿದ್ದ ಕಾಲದಲ್ಲಿ ಶಿವರಾತ್ರಿಯವರೆಗೂ ದನಗಳಿಗೆ ನೀರಿರುತ್ತಿದ್ದ ಅದೇ ಕೆರೆ ಈ ಸಲ ಸಂಕ್ರಾಂತಿಗೆ ಮೊದಲೇ ಬತ್ತಿತು. ಆಳ ಹೆಚ್ಚಿದರೆ ನೀರು ಹೆಚ್ಚು ದಿನ ನಿಲ್ಲಬೇಕಲ್ಲವೇ? ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಇದು ನನ್ನ ತಿಳಿವಳಿಕೆಗೆ ಮೀರಿದ್ದು. ಬಲ್ಲವರು ದಯವಿಟ್ಟು ವಿವರಿಸಬೇಕು.

ಕೋಡಿಕಲ್ಲು:

ಮೇಡಂ, ನಾನು ಸಣ್ಣ ನೀರಾವರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು. ನೀವು ಬರೆದಿರುವುದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಕೆರೆಗೆ ಸಾಕಷ್ಟು ನೀರು ಬರುತ್ತಿಲ್ಲ ಎಂಬುದು ಒಂದು. ಬಂದ ನೀರು ನಿಲ್ಲುತ್ತಿಲ್ಲ ಎಂಬುದು ಇನ್ನೊಂದು. ಎರಡನ್ನೂ ಬೆರೆಸಿದರೆ ಉತ್ತರ ಸಿಗುವುದಿಲ್ಲ.

ಮೊದಲು ಬರುವ ನೀರಿನ ಲೆಕ್ಕ. ಒಂದು ಎಕರೆಯಲ್ಲಿ ಒಂದು ಅಡಿ ನೀರು ನಿಂತರೆ ಅದು ಸುಮಾರು 12.3 ಲಕ್ಷ ಲೀಟರ್. 15 ಎಕರೆಯನ್ನು ಎರಡು ಅಡಿ ತೋಡಿದ್ದಾರೆಂದರೆ ಸುಮಾರು 3.7 ಕೋಟಿ ಲೀಟರಿನ ಗುಂಡಿಯಾಯಿತು. ನಿಮ್ಮ ಕೆರೆಯ ಜಲಾನಯನ 400 ಹೆಕ್ಟೇರ್ ಇದೆ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಅಲ್ಲಿ 40 ಮಿಲಿಮೀಟರಿನ ಒಂದು ಒಳ್ಳೆಯ ಮಳೆ ಬಿದ್ದು ಅದರಲ್ಲಿ ಹತ್ತನೆಯ ಒಂದು ಪಾಲು ಹರಿದು ಬಂದರೆ ಕೆರೆಗೆ ಸಿಗುವುದು 1.6 ಕೋಟಿ ಲೀಟರ್. ಅಂದರೆ ಅಂಥ ಎರಡು ಮಳೆಯ ಹರಿವನ್ನು ಪೂರ್ತಿಯಾಗಿ ಕುಡಿದು, ಮೂರನೆಯದರ ಸ್ವಲ್ಪ ಭಾಗವನ್ನೂ ಸೇರಿಸಿಕೊಂಡ ಮೇಲೆಯೇ ಗುಂಡಿ ತುಂಬಿ ನೀರು ಮೇಲಕ್ಕೆ ಏಳಲು ಶುರುವಾಗುತ್ತದೆ. ತೂಬಿನ ತಳಮಟ್ಟಕ್ಕಿಂತ ಕೆಳಗೆ ತೋಡಿದ ಜಾಗದಲ್ಲಿ ನಿಂತ ನೀರು ದನಕರುಗಳಿಗೆ ಮತ್ತು ಮೀನಿಗೆ ಆದೀತೇ ಹೊರತು ಕಾಲುವೆಗೆ ಹರಿಯುವುದಿಲ್ಲ.

ಹತ್ತನೆಯ ಒಂದು ಪಾಲಾದರೂ ಹರಿದು ಬರಬೇಕಾದರೆ ದಾರಿ ಇರಬೇಕು. ಮೇಲಿನ ಕೆರೆ ತುಂಬಿತು ಎಂದಿರಿ. ಅದು ಕೋಡಿ ಹರಿಯಿತೇ? ಹರಿದಿದ್ದರೆ ಆ ನೀರು ಎಲ್ಲಿಗೆ ಹೋಯಿತು? ನಮ್ಮ ಕಡೆಯ ಕೆರೆಗಳು ಒಂದರ ಕೋಡಿ ಇನ್ನೊಂದರ ಒಡಲಿಗೆ ಎಂಬಂತೆ ಸರಪಣಿಯಾಗಿ ಕಟ್ಟಿದವು. ನಡುವಿನ ಒಂದು ಕೊಂಡಿ ಕಳಚಿದರೂ ಕೆಳಗಿನದು ಒಣಗುತ್ತದೆ. ಮೇಲಿನ ಕೆರೆಯ ಕೋಡಿಯಿಂದ ನಿಮ್ಮ ಕೆರೆಯವರೆಗೆ ರಾಜಕಾಲುವೆಯ ಉದ್ದಕ್ಕೂ ಒಮ್ಮೆ ನಡೆಯಿರಿ. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ಗ್ರಾಮನಕ್ಷೆಯನ್ನು ಜೊತೆಗಿಟ್ಟುಕೊಂಡರೆ ಹಳ್ಳ ಎಲ್ಲಿತ್ತು, ಈಗ ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ಇಂಥ ಹಳ್ಳಗಳು ಸಾಮಾನ್ಯವಾಗಿ ‘ಬ’ ಖರಾಬಿನಲ್ಲಿ, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಮೀನಿನಲ್ಲಿ, ಸೇರಿರುವುದರಿಂದ ಅವನ್ನು ಯಾರೂ ತಮ್ಮ ಹೊಲಕ್ಕೆ ಸೇರಿಸಿಕೊಳ್ಳುವಂತಿಲ್ಲ. ಹೊಸ ರಸ್ತೆಗಳ ಮೋರಿಗಳನ್ನು ವಿಶೇಷವಾಗಿ ಗಮನಿಸಿ. ನೀರು ಹೀರುವ ನೀಲಗಿರಿ ತೋಪುಗಳ ಪಾಲೂ ಇದರಲ್ಲಿರಬಹುದು. 2017ರಲ್ಲಿ ಹೊಸದಾಗಿ ನೆಡುವುದನ್ನು ಸರ್ಕಾರ ನಿಷೇಧಿಸಿದರೂ ಹಳೆಯ ಬುಡಗಳು ಕಡಿದಷ್ಟೂ ಚಿಗುರುತ್ತವೆ.

ಇನ್ನು ನಿಲ್ಲದ ನೀರು. ಶತಮಾನಗಳಿಂದ ಕೆರೆಯ ತಳದಲ್ಲಿ ಕೂತ ಸಣ್ಣ ಜೇಡಿ, ಮಡಕೆಗೆ ಒಳಗಿನಿಂದ ಮೆತ್ತಿದ ಹಾಗೆ, ನೀರು ಇಂಗದಂತೆ ತಡೆಯುತ್ತದೆ. ಜೆಸಿಬಿಯ ಹಲ್ಲು ಆ ಪದರವನ್ನು ದಾಟಿ ಕೆಳಗಿನ ಗರಸನ್ನು (ನೀರು ಇಂಗುವ ಉದುರು ಮಣ್ಣನ್ನು) ಮುಟ್ಟಿದರೆ ಮಡಕೆ ತೂತಾದಂತೆಯೇ. ಇದನ್ನು ಪರೀಕ್ಷಿಸಲು ದುಡ್ಡು ಬೇಕಿಲ್ಲ. ಮಳೆಯಿಲ್ಲದ ವಾರದಲ್ಲಿ ನೀರಿನೊಳಗೆ ಗುರುತು ಹಾಕಿದ ಕೋಲೊಂದನ್ನು ನೆಟ್ಟು ದಿನವೂ ಅಳೆಯಿರಿ. ಯಾರೂ ಪಂಪು ಹಚ್ಚದಿದ್ದಾಗ ದಿನಕ್ಕೆ ಐದಾರು ಮಿಲಿಮೀಟರ್ ಇಳಿದರೆ ಅದು ಬಿಸಿಲಿನ ಪಾಲು. ಅದಕ್ಕಿಂತ ಬಹಳ ಹೆಚ್ಚು ಇಳಿದರೆ ನೆಲ ಕುಡಿಯುತ್ತಿದೆ ಎಂದು ತಿಳಿಯಿರಿ. ತೂಬಿನ ಹತ್ತಿರ, ಏರಿಯ ಬುಡಕ್ಕೆ ತಾಗಿ ತೋಡಿದ್ದರೆ ಅದು ಎಲ್ಲಕ್ಕಿಂತ ಅಪಾಯದ್ದು. ಬುಡ ಕಳೆದುಕೊಂಡ ಏರಿ ಕೆರೆ ತುಂಬಿದ ವರ್ಷ ಕುಸಿಯಬಹುದು. ಅದನ್ನು ಈ ಬೇಸಿಗೆಯಲ್ಲೇ ಮಣ್ಣು ದಮ್ಮಸು ಮಾಡಿ (ಬಡಿದು ಗಟ್ಟಿಮಾಡಿ) ಮುಚ್ಚಿಸಿ.

ಬೋರ್‌ವೆಲ್ ರೈತ:

ನೀರು ಇಂಗಿದರೆ ನಷ್ಟವೇನು ಎಂಬುದು ನನಗೆ ಅರ್ಥವಾಗಲಿಲ್ಲ. ನಮ್ಮ ತಾಲ್ಲೂಕಿನಲ್ಲಿ ಸಾವಿರ ಅಡಿ ಕೊರೆದರೂ ನೀರು ಸಿಗದ ಕಾಲ ಬಂದಿತ್ತು. ಕೆರೆಯ ನೀರು ಆವಿಯಾಗಿ ಹೋಗುವ ಬದಲು ನೆಲಕ್ಕೆ ಇಳಿದರೆ ಸುತ್ತಲಿನ ಕೊಳವೆಬಾವಿಗಳಿಗೆ ಒಳ್ಳೆಯದೇ. ಈಗ ಕಾಲುವೆಯಲ್ಲಿ ನೀರು ಬಿಟ್ಟುಕೊಂಡು ಭತ್ತ ಬೆಳೆಯುವವರು ಯಾರಿದ್ದಾರೆ?

ನೀರುಗಂಟಿ ಮನೆ:

ಮೇಲಿನವರ ಮಾತಿನಲ್ಲಿ ನಿಜವಿದೆ, ಆದರೆ ಪೂರ್ತಿ ನಿಜವಿಲ್ಲ. ನಮ್ಮ ತಾತನವರು ಪಕ್ಕದ ತಾಲ್ಲೂಕಿನ ಒಂದು ಕೆರೆಯ ನೀರುಗಂಟಿಯಾಗಿದ್ದರು. ತೂಬೆಂದರೆ ಆಗ ಎರಡು ಕಲ್ಲುಕಂಬ, ಅವುಗಳ ನಡುವೆ ತೂತಿರುವ ಅಡ್ಡಹಾಸು, ಆ ತೂತಿನಲ್ಲಿ ಇಳಿಬಿಟ್ಟ ಉದ್ದನೆಯ ಗಳು, ಗಳುವಿನ ತುದಿಗೆ ಕೆಳಗಿನ ಕಂಡಿಯನ್ನು ಮುಚ್ಚುವ ಮರದ ಬೆಣೆ. ಬೆಣೆಯನ್ನು ಎಷ್ಟು ಎತ್ತಬೇಕು, ಎಷ್ಟು ಹೊತ್ತು ಬಿಡಬೇಕು ಎಂಬುದು ಅವರ ಕೈಯಲ್ಲಿತ್ತು. ನೀರು ಕಂಬದ ಯಾವ ಹಾಸಿನವರೆಗೆ ಇದೆ ಎಂದು ನೋಡಿಕೊಂಡು, ಈ ವರ್ಷ ಭತ್ತವೋ ರಾಗಿಯೋ, ಅಚ್ಚುಕಟ್ಟಿನ ಅರ್ಧಕ್ಕಷ್ಟೇ ನೀರೋ ಎಂಬುದನ್ನು ಊರಿನವರು ಕೂತು ತೀರ್ಮಾನಿಸುತ್ತಿದ್ದರು. ಕೊನೆಯ ಗದ್ದೆಗೂ ಸರದಿ ಬರುವವರೆಗೆ ತಾತ ರಾತ್ರಿಯೆಲ್ಲ ಗುದ್ದಲಿ ಹೆಗಲಿಗೇರಿಸಿ ಕಾಲುವೆಯ ಮೇಲೆ ತಿರುಗುತ್ತಿದ್ದರಂತೆ. ಕೂಲಿಯೆಂದರೆ ಸುಗ್ಗಿಯಲ್ಲಿ ಕಣದಿಂದ ಕೊಡುತ್ತಿದ್ದ ಧಾನ್ಯ ಮತ್ತು ಉಂಬಳಿಯ ತುಂಡು ಹೊಲ. ಗ್ರಾಮ ಹುದ್ದೆಗಳನ್ನು ರದ್ದುಪಡಿಸಿದ 1961ರ ಕಾಯ್ದೆ ಬಂದ ಮೇಲೆ ಹುದ್ದೆ ಹೋಯಿತು. ವಂಶಪಾರಂಪರ್ಯ ಚಾಕರಿ ಹೋದದ್ದು ನಮ್ಮ ಮನೆಯವರಿಗೆ ಬಿಡುಗಡೆಯೇ. ಅದರ ಬಗ್ಗೆ ನನಗೆ ಹಳಹಳಿಕೆಯಿಲ್ಲ. ಆದರೆ ಆ ಕೆಲಸವನ್ನು ಸಂಬಳ ಕೊಟ್ಟಾದರೂ ಯಾರಾದರೂ ಮಾಡಬೇಕಿತ್ತು, ಯಾರೂ ಮಾಡಲಿಲ್ಲ.

ಕೆರೆಯಲ್ಲಿ ನಿಂತ ನೀರಿಗೆ ಸರದಿಯಿತ್ತು. ನೆಲಕ್ಕೆ ಇಳಿದ ನೀರಿಗೆ ಸರದಿಯಿಲ್ಲ. ಅದು ಯಾರ ಕೊಳವೆಬಾವಿ ಆಳವೋ ಅವರದು. ಮೇಡಂ ಹೇಳಿದ ದನಗಳು ಯಾರವು ಎಂದು ವಿಚಾರಿಸಿ ನೋಡಿ. ಹೆಚ್ಚಿನವು ಭೂಮಿಯಿಲ್ಲದವರ ಮನೆಯವೇ ಆಗಿರುತ್ತವೆ. ಇಂಗಿದ ನೀರಿನಿಂದ ಅವರಿಗೆ ಏನು ಸಿಕ್ಕಿತು?

ಇನ್ನೊಂದು ಮಾತು. ಹಿಂದೆಯೂ ಗೋಡು ತೆಗೆಯುತ್ತಿದ್ದರು. ಬೇಸಿಗೆಯಲ್ಲಿ ಎತ್ತಿನ ಗಾಡಿ ಕಟ್ಟಿ, ಬಿರುಕುಬಿಟ್ಟ ಮೇಲ್ಪದರವನ್ನಷ್ಟೇ ಹಾರೆಯಿಂದ ಹೆಂಟೆ ಹೆಂಟೆಯಾಗಿ ಎಬ್ಬಿಸಿ ಹೊಲಕ್ಕೆ ಹೊಡೆಯುತ್ತಿದ್ದರು. ಹಾರೆಗೆ ಗರಸು ತಾಕಿ ಸದ್ದು ಬದಲಾದರೆ ಅಲ್ಲಿಗೆ ನಿಲ್ಲಿಸುತ್ತಿದ್ದರು.

ಗುಳುಮುಳುಕ:

ನಾನು ಹತ್ತು ವರ್ಷಗಳಿಂದ ಕೆರೆಗಳ ಹಕ್ಕಿಗಳನ್ನು ನೋಡುತ್ತಿರುವವನು. ನಡುಗಡ್ಡೆಯ ಬಗ್ಗೆ ಮಾತ್ರ ಹೇಳುತ್ತೇನೆ. 1369ರ ಪೋರುಮಾಮಿಳ್ಳ ಶಾಸನದಲ್ಲಿ, ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಈಗಿನ ಕಡಪ ಸೀಮೆಯಲ್ಲಿ ಕಟ್ಟಿಸಿದ ಕೆರೆಯ ಪ್ರಸಂಗದಲ್ಲಿ, ಒಳ್ಳೆಯ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ ಇರಬಾರದ ಆರು ದೋಷಗಳನ್ನೂ ಎಣಿಸಿದ್ದಾರೆ. ಏರಿಯಿಂದ ನೀರು ಜಿನುಗುವುದು ಒಂದು ದೋಷ, ಎರಡು ರಾಜ್ಯಗಳ ಗಡಿಯಲ್ಲಿರುವುದು ಇನ್ನೊಂದು, ಕೆರೆಯ ನಡುವೆ ದಿಬ್ಬವಿರುವುದು ಮತ್ತೊಂದು. ಆರೂವರೆ ಶತಮಾನಗಳ ಹಿಂದೆ ದೋಷವೆಂದು ಬರೆದಿಟ್ಟಿದ್ದನ್ನು ನಾವು ಡೀಸೆಲ್ ಸುಟ್ಟು ಮಾಡಿಕೊಳ್ಳುತ್ತಿದ್ದೇವೆ. (ಗಡಿಯ ದೋಷವೂ ಎರಡು ಪಂಚಾಯಿತಿಗಳ ನಡುವೆ ಸಿಕ್ಕಿದ ಕೆರೆಗಳಿಗೆ ಇಂದಿಗೂ ಅನ್ವಯಿಸುತ್ತದೆ.)

ಹಕ್ಕಿಗಳಿಗೂ ಇದರಿಂದ ಹೆಚ್ಚು ಉಪಯೋಗವಿಲ್ಲ. ಮೆಟ್ಟುಗಾಲು ಹಕ್ಕಿ, ಕೊಳದ ಬಕ, ಉಲ್ಲಂಕಿಗಳಿಗೆ ಬೇಕಾದದ್ದು ಗೇಣುದ್ದ ನೀರು ನಿಂತ ಇಳಿಜಾರು ಅಂಚು. ನೀರು ದಿನದಿನಕ್ಕೆ ಹಿಂದೆ ಸರಿದಂತೆ ತೆರೆದುಕೊಳ್ಳುವ ಕೆಸರಿನಲ್ಲಿ ಅವುಗಳ ಊಟವಿರುತ್ತದೆ. ಗುಳುಮುಳುಕ ಅಂಚಿನ ಜೊಂಡಿನ ನಡುವೆ ತೇಲುವ ಗೂಡು ಕಟ್ಟುತ್ತದೆ. ಗೋಡೆಯಂತೆ ನೇರವಾಗಿ ತೋಡಿದ ಗುಂಡಿಯಲ್ಲಿ ಅಂಚೂ ಇಲ್ಲ, ಜೊಂಡೂ ಇಲ್ಲ. ನೀರು ಬತ್ತಿದಾಗ ದಿಬ್ಬಕ್ಕೆ ನಾಯಿಗಳು ನಡೆದೇ ಹೋಗುತ್ತವೆ, ಎರಡೇ ವರ್ಷದಲ್ಲಿ ಸೀಮೆಜಾಲಿ ಹಬ್ಬುತ್ತದೆ. ಹಕ್ಕಿಗೆ ಗೂಡಿನ ತಾಣ ಬೇಕೆಂದರೆ ಅಂಕಸಮುದ್ರವನ್ನು ನೋಡಿ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಆ ಕೆರೆಯ ಅಂಗಳದಲ್ಲೇ ನಿಂತಿರುವ ಜಾಲಿಮರಗಳ ಮೇಲೆ ಕೊಕ್ಕರೆಗಳು ಗೂಡುಕಟ್ಟುತ್ತವೆ. 2024ರಲ್ಲಿ ಅದು ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಅದರ ಜೊತೆಗೇ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಅವು ರಾತ್ರಿ ಸುತ್ತಲಿನ ಹೊಲಗಳಿಗೆ ಮೇಯಲು ಹೋಗಿ ಹಗಲು ಕೆರೆಯಲ್ಲಿ ತಂಗುತ್ತವೆ. ಅಂದರೆ ಅವಕ್ಕೆ ಕೆರೆಯಷ್ಟೇ ಸುತ್ತಲಿನ ಹೊಲವೂ ಬೇಕು.

ಏರಿಹುಣಸೆ:

ಎಲ್ಲರಿಗೂ ಧನ್ಯವಾದಗಳು. ಕಳೆದ ತಿಂಗಳ ಹದವಾದ ಮಳೆಗೆ ಗುಂಡಿಯಲ್ಲಿ ಮತ್ತೆ ನೀರು ಸೇರಿತ್ತು. ಹತ್ತನೆಯ ತರಗತಿಯ ನಾಲ್ಕು ಮಕ್ಕಳನ್ನು ಜೊತೆಗೆ ಕರೆದುಕೊಂಡು ಬಿದಿರಿನ ಕೋಲಿಗೆ ಬಣ್ಣದ ಗುರುತು ಹಾಕಿ ನೆಟ್ಟೆವು. ಮಳೆಯಿಲ್ಲದ ಆರು ದಿನಗಳಲ್ಲಿ ನೀರು 11 ಸೆಂಟಿಮೀಟರ್ ಇಳಿಯಿತು, ಅಂದರೆ ದಿನಕ್ಕೆ 18 ಮಿಲಿಮೀಟರ್. ಯಾರೂ ಪಂಪು ಹಚ್ಚಿರಲಿಲ್ಲ. ಗುಂಡಿಯ ಅಂಚಿನಲ್ಲಿ ಗುದ್ದಲಿ ಹಾಕಿ ನೋಡಿದರೆ ಗೇಣುದ್ದದ ಕಪ್ಪು ಗೋಡಿನ ಕೆಳಗೆ ಕೆಂಪು ಗರಸು ಕೈಗೆ ಉದುರುತ್ತದೆ. ಗುಂಡಿಯ ತಳದಲ್ಲಿ ಆ ಗೇಣುದ್ದದ ಗೋಡೂ ಉಳಿದಿಲ್ಲ.

ರಾಜಕಾಲುವೆಯ ಉದ್ದಕ್ಕೂ ನಡೆದೆವು. ಮೇಲಿನ ಕೆರೆ ಕೋಡಿ ಹರಿದದ್ದು ನಿಜ. ಅರ್ಧ ದಾರಿಯಲ್ಲಿ ಹೊಸ ಡಾಂಬರು ರಸ್ತೆ ಕಾಲುವೆಯನ್ನು ದಾಟುವಲ್ಲಿ ಹಾಕಿರುವ ಮೋರಿಯ ಕೊಳವೆ ಕಾಲುವೆಯ ತಳಕ್ಕಿಂತ ಒಂದು ಮೊಳ ಎತ್ತರದಲ್ಲಿದೆ. ಒಬ್ಬ ಹುಡುಗ ಕೊಳವೆಯ ಬಾಯಿಗೆ ಕೈಯಿಟ್ಟು ತೋರಿಸಿದ. ಒಳಗೆಲ್ಲ ಒಣಗಿದ ಎಲೆ ಮತ್ತು ಟೊಮೆಟೊ ಹೊಲದಿಂದ ಬಂದ ಮಲ್ಚಿಂಗ್ ಪ್ಲಾಸ್ಟಿಕ್. ಅಲ್ಲಿ ತಡೆದ ನೀರು ರಸ್ತೆಯ ಪಕ್ಕದ ಚರಂಡಿ ಹಿಡಿದು ಬೇರೆ ಹಳ್ಳಕ್ಕೆ ಸೇರುತ್ತಿದೆ.

ಮೋರಿಯನ್ನು ತಗ್ಗಿಸಲು ಪಂಚಾಯಿತಿಗೂ ಕಾಲುವೆಯ ಅಳತೆಗೆ ಭೂಮಾಪನದವರಿಗೂ ಊರಿನ 62 ಮಂದಿಯ ಸಹಿಯೊಂದಿಗೆ ಅರ್ಜಿ ಕೊಟ್ಟಿದ್ದೇವೆ. ತೂಬಿನ ಹತ್ತಿರದ ಗುಂಡಿಯನ್ನು ಮುಚ್ಚಲು ನಡುಗಡ್ಡೆಯ ಮಣ್ಣನ್ನೇ ಬಳಸಬಹುದೇ ಎಂದು ಕೋಡಿಕಲ್ಲು ಅವರು ತಿಳಿಸಬೇಕು.

ಕೋಡಿಕಲ್ಲು:

ಬಳಸಬಹುದು, ಆದರೆ ಅದರಲ್ಲಿ ಜೇಡಿ ಎಷ್ಟು, ಗರಸು ಎಷ್ಟು ಎಂಬುದನ್ನು ಮೊದಲು ನೋಡಿ. ಒದ್ದೆ ಮಾಡಿದ ಮಣ್ಣನ್ನು ಅಂಗೈಯಲ್ಲಿ ಹೊಸೆದು ಬತ್ತಿ ಮಾಡಿದಾಗ ತುಂಡಾಗದೆ ಬಳೆಯಂತೆ ಬಾಗಿದರೆ ಅದನ್ನು ಗುಂಡಿಗೆ ಹಾಕಿ. ಪುಡಿಯಾದದ್ದನ್ನು ಏರಿಯ ಮೇಲಿನ ದಾರಿಗೆ ಹರಡಿ. ಅರ್ಧ ಅಡಿಯ ಪದರಗಳಾಗಿ ಹಾಕಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಮ್ಮಸು ಮಾಡಿಸಬೇಕು. ಟ್ರ್ಯಾಕ್ಟರಿನಿಂದ ಒಂದೇ ಸಲ ಸುರಿದು ಹೋಗಲು ಬಿಡಬೇಡಿ. ನೀವೇ ನಿಂತು ಮಾಡಿಸಿ.